ಇಪ್ಪತ್ತೈದು ಎಲೆಗೆ ಬಿಸಿಬೇಳೆಭಾತು

(ಮನೆಯಲ್ಲೇ ನಡೆಸುವ ಸಣ್ಣ ಸಮಾರಂಭಗಳ ಅಡುಗೆ ಕುರಿತ ಉಪನ್ಯಾಸದ ಬರಹ ರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ನಾಮಕರಣ, ಹುಟ್ಟುಹಬ್ಬ, ಹಬ್ಬಕ್ಕೆ ಒಟ್ಟು ಸೇರಿದ ದಾಯಾದಿಗಳು, ಹೊಸ ಮನೆಗೆ ಬಂದ ನೆಂಟರು. ಇಂಥ ಊಟಕ್ಕೆ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಜನ. ಪೇಚಾಟದ ಲೆಕ್ಕ ಇದು. ನೂರು ಜನ ಅಂದರೆ ಅಡುಗೆಯವರನ್ನು ಕರೆಸುತ್ತೇವೆ. ಐದು ಜನ ಅಂದರೆ ಕೈಯಳತೆಯಲ್ಲೇ ಮುಗಿಯುತ್ತದೆ. ಇಪ್ಪತ್ತೈದಕ್ಕೆ ಅಡುಗೆಯವರು ಬರೋಕೆ ಮನಸ್ಸು ಮಾಡುವುದಿಲ್ಲ, ಕೈಯಳತೆಯೂ ಕೈಕೊಡುತ್ತದೆ. ಆಗ ನಾವು ಮಾಡುವುದೇನು? ದಿನದ ಅಳತೆಯನ್ನು ಐದರಿಂದ ಗುಣಿಸುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಅಕ್ಕಿ, ಬೇಳೆ, ತರಕಾರಿ ಈ ಗುಣಾಕಾರಕ್ಕೆ ಬಗ್ಗುತ್ತವೆ. ನೀರು, ಒಗ್ಗರಣೆ ಎಣ್ಣೆ, ಬೆಂಕಿ, ಹೊತ್ತು ಬಗ್ಗುವುದಿಲ್ಲ.

ಇದನ್ನು ಬಿಡಿಸಿ ಹೇಳೋಕೆ ಬಿಸಿಬೇಳೆಭಾತನ್ನೇ ಹಿಡಿದುಕೊಳ್ಳುತ್ತೇನೆ. ಅನ್ನ, ಬೇಳೆ, ತರಕಾರಿ ಒಂದೇ ಪಾತ್ರೆಯಲ್ಲಿ ಇರುವುದರಿಂದ ಮನೆಯ ಕೂಟಕ್ಕೆ ಇದಕ್ಕಿಂತ ಅನುಕೂಲದ ಅಡುಗೆ ಕಡಿಮೆ. ದೊಡ್ಡ ಪ್ರಮಾಣದಲ್ಲಿ ಏನೇನು ಕೆಡಬಹುದೋ ಅದೆಲ್ಲ ಕೆಡುವುದೂ ಇದರಲ್ಲೇ: ತಳ ಹಿಡಿಯುತ್ತದೆ, ಗಟ್ಟಿಯಾಗುತ್ತದೆ, ಬೇಳೆ ಕಾಳುಕಾಳಾಗಿ ಉಳಿಯುತ್ತದೆ, ಉಪ್ಪು ಹೆಚ್ಚಾಗುತ್ತದೆ.

ಮೊದಲು ಅಳತೆ

ಅನ್ನ ಸಾರಿನ ಊಟಕ್ಕೆ ತಲೆಗೆ 100 ಗ್ರಾಂ ಅಕ್ಕಿ ಹಿಡಿಯುತ್ತೇವೆ. ಬಿಸಿಬೇಳೆಭಾತಿಗೆ ತಲೆಗೆ 40 ಗ್ರಾಂ ಅಕ್ಕಿ, 30 ಗ್ರಾಂ ತೊಗರಿಬೇಳೆ ಸಾಕು. ಇಷ್ಟೇನಾ ಅಂತ ಅನ್ನಿಸುತ್ತದೆ, ಒಂದು ಹಿಡಿ ಹೆಚ್ಚಿಗೆ ಹಾಕೋಣ ಅಂತ ಕೈ ಹೋಗುತ್ತದೆ. ಹಾಕಬೇಡಿ. 25 ಜನಕ್ಕೆ 1 ಕಿಲೋ ಸೋನಾ ಮಸೂರಿ, 750 ಗ್ರಾಂ ಬೇಳೆ, ಒಂದೂಕಾಲು ಕಿಲೋ ತರಕಾರಿ, ಒಟ್ಟು 8 ಲೀಟರ್ ನೀರು. ಕೊನೆಗೆ ಪಾತ್ರೆಯಲ್ಲಿ ಹತ್ತೂವರೆ ಕಿಲೋ ಆಸುಪಾಸು ಭಾತು ಇರುತ್ತದೆ, ತಲೆಗೆ 400 ಗ್ರಾಂಗೂ ಮೇಲೆ. ಜೊತೆಗೆ ಕೋಸಂಬರಿ, ಮೊಸರನ್ನ, ಪಾಯಸ ಇದ್ದರೆ ಇದರಲ್ಲೂ ಸ್ವಲ್ಪ ಮಿಗುತ್ತದೆ.

ಪಾವು, ಸೇರು, ಲೋಟದ ಲೆಕ್ಕ ಇಲ್ಲಿ ನಂಬಿಕೆಗೆ ಬರುವುದಿಲ್ಲ. ಒಂದು ಮನೆಯ ಪಾವು ಇನ್ನೊಂದು ಮನೆಯ ಪಾವಲ್ಲ. ಐದು ಜನಕ್ಕೆ ಒಂದು ಚಮಚದಷ್ಟು ವ್ಯತ್ಯಾಸ ನಾಲಿಗೆಗೆ ಗೊತ್ತಾಗುವುದಿಲ್ಲ, ಐದು ಪಟ್ಟಾದಾಗ ಗೊತ್ತಾಗುತ್ತದೆ. ಅಡುಗೆಮನೆ ತೂಕದ ಯಂತ್ರ ಒಂದಿರಲಿ. ಎರಡು ಹೊಸ ಬಾಣಲೆ ಕೊಳ್ಳುವುದಕ್ಕಿಂತ ಅದು ಮೇಲು.

ನೀರಿನ ಲೆಕ್ಕ ನೋಡಿ. ಮನೆಯಲ್ಲಿ ಐದು ಜನಕ್ಕೆ 200 ಗ್ರಾಂ ಅಕ್ಕಿ, 150 ಗ್ರಾಂ ಬೇಳೆ ಹಾಕಿದರೆ ಕೊನೆಯವರೆಗೆ ಹೆಚ್ಚುಕಡಿಮೆ 1.8 ಲೀಟರ್ ನೀರು ಹಿಡಿಯುತ್ತದೆ. ಐದರಿಂದ ಗುಣಿಸಿದರೆ 9 ಲೀಟರ್. ಆದರೆ ಬೇಕಾಗುವುದು 8. ಕಾರಣ ಸರಳ: ನೀರು ಆವಿಯಾಗುವುದು ಮೇಲ್ಮೈಯಿಂದ. ಪಾತ್ರೆಯೊಳಗಿನದು ಐದು ಪಟ್ಟಾದರೂ ಪಾತ್ರೆಯ ಬಾಯಿ ಐದು ಪಟ್ಟು ಅಗಲವಾಗುವುದಿಲ್ಲ. ಹಾಗಾಗಿ ಕಿಲೋವೊಂದಕ್ಕೆ ಇಂಗುವ ನೀರು ದೊಡ್ಡ ಪಾತ್ರೆಯಲ್ಲಿ ಕಡಿಮೆ. ಸಾರು, ಹುಳಿ, ಗೊಜ್ಜು, ಎಲ್ಲಕ್ಕೂ ಇದೇ ಲೆಕ್ಕ. ಪಾಯಸಕ್ಕೆ ಇನ್ನೂ ಹೆಚ್ಚು ಅನ್ವಯ. ಹಾಲು ಅರ್ಧಕ್ಕೆ ಇಂಗಿಸಬೇಕಾದ ಪಾಯಸವನ್ನು ಐದು ಲೀಟರಿಗೆ ಮಾಡಲು ಹೊರಟರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ.

ಆ 8 ಲೀಟರನ್ನು ಹೀಗೆ ಹಂಚಿಕೊಳ್ಳಿ. ಬೇಳೆ ಬೇಯಿಸಲು ಎರಡೂಕಾಲು, ಅನ್ನಕ್ಕೆ 3, ತರಕಾರಿಗೆ ಒಂದೂಕಾಲು, ಹುಣಸೆ ರಸಕ್ಕೆ ಅರ್ಧ. ಮಿಕ್ಕ 1 ಲೀಟರ್ ಕುದಿಯುವ ನೀರು ಪಕ್ಕದ ಒಲೆಯ ಮೇಲೆ ಕಾದಿರಲಿ, ಕೊನೆಯಲ್ಲಿ ಹದ ಮಾಡಲು. ಅಕ್ಕಿ ಹೊಸದಾಗಿದ್ದರೆ ಅನ್ನಕ್ಕೆ ಅರ್ಧ ಲೀಟರ್ ಕಡಿಮೆ ಮಾಡಿ. ಹಳೆ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಹೊಸ ಅಕ್ಕಿ ಬೇಗ ಮುದ್ದೆಯಾಗುತ್ತದೆ.

ಬೇಳೆಯ ಹಟ

ಅನ್ನ ಬೇಳೆ ಒಟ್ಟಿಗೆ ಕುಕ್ಕರಿಗೆ ಹಾಕುವುದು ದಿನದ ಅಭ್ಯಾಸ. ಐದು ಜನಕ್ಕೆ ನಡೆಯುತ್ತದೆ. ಇಷ್ಟು ಪ್ರಮಾಣಕ್ಕೆ ಬೇರೆಬೇರೆಯಾಗಿಯೇ ಬೇಯಿಸಬೇಕು. ಅಕ್ಕಿ ಮೊದಲು ಬೆಂದು ಗಂಜಿ ಬಿಡುತ್ತದೆ. ಗಂಜಿ ದಪ್ಪವಾದ ಮೇಲೆ ನೀರು ಮೇಲೆ ಕೆಳಗೆ ಆಡುವುದು ನಿಲ್ಲುತ್ತದೆ. ಆಮೇಲೆ ಶಾಖ ತಳದಲ್ಲೇ ಉಳಿದು ತಳ ಸೀಯುತ್ತದೆ, ನಡುವಿನ ಬೇಳೆ ಅರೆಬೆಂದು ಕೂರುತ್ತದೆ.

ಕುಕ್ಕರನ್ನು ಅಕ್ಕಿಗಾಗಲಿ ಬೇಳೆಗಾಗಲಿ ಅರ್ಧಕ್ಕಿಂತ ಮೇಲೆ ತುಂಬಬಾರದು. ಎರಡೂ ನೊರೆ ಉಕ್ಕಿಸುವ ಪದಾರ್ಥಗಳು, ನೊರೆ ಬಂದು ಹಬೆ ಹೋಗುವ ತೂಬು ಕಟ್ಟಿದರೆ ಅಪಾಯ. 750 ಗ್ರಾಂ ಬೇಳೆ, ಎರಡೂಕಾಲು ಲೀಟರ್ ನೀರು ಅಂದರೆ 5 ಲೀಟರ್ ಕುಕ್ಕರಿಗೆ ಆಗಲೇ ಅರ್ಧ ದಾಟಿತು. ಏಳೂವರೆ ಲೀಟರಿನದು ಇದ್ದರೆ ಒಂದೇ ಸಲಕ್ಕೆ, ಇಲ್ಲದಿದ್ದರೆ ಎರಡು ಸಲ. ಅನ್ನಕ್ಕೂ ಹಾಗೇ. ಬೇಳೆಗೆ ಅರ್ಧ ಚಮಚ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ. ಎಣ್ಣೆಯಿಂದ ನೊರೆ ತಗ್ಗುತ್ತದೆ. ವಿಷಲ್ ಎಣಿಸುತ್ತಾ ನಿಲ್ಲಬೇಡಿ. ದೊಡ್ಡ ಕುಕ್ಕರಿನ ವಿಷಲ್ ಉರಿಗೆ ತಕ್ಕ ಹಾಗೆ ಬೇಗ ಅಥವಾ ತಡವಾಗಿ ಬರುತ್ತದೆ. ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಗಡಿಯಾರ ನೋಡಿ 15 ನಿಮಿಷ. ಆಮೇಲೆ ತಾನಾಗಿಯೇ ಒತ್ತಡ ಇಳಿಯಲಿ.

ಇಷ್ಟಾದರೂ ಬೇಳೆ ಬೇಯದೆ ಇರಬಹುದು. ಅದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಬೇಳೆ ಹಳೆಯದಾಗಿದೆ. ಇಲ್ಲ, ನೀರು ಗಡಸು. ಕೊಳವೆಬಾವಿ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನಂಥ ಪದಾರ್ಥಕ್ಕೆ ಅಂಟಿಕೊಂಡು ಅದನ್ನು ಕರಗಲು ಬಿಡುವುದಿಲ್ಲ. ಇಲ್ಲ, ಹುಳಿ ಮೊದಲೇ ಸೇರಿದೆ. ಹುಣಸೆ, ಟೊಮೆಟೊ ಯಾವುದೇ ಇರಲಿ, ಹುಳಿ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ನಿಂತುಹೋಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ, ಕೋಲಾರ ಕಡೆಯಲ್ಲಿ ಬೋರ್‌ವೆಲ್ ನೀರಿನ ಮನೆಗಳವರಿಗೆ ಈ ಎರಡನೆಯದು ಚೆನ್ನಾಗಿ ಗೊತ್ತು. ಬೇಳೆಗೆ ಮಾತ್ರ ಫಿಲ್ಟರ್ ನೀರು ಬಳಸಿ, ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಚಿಟಿಕೆ ಸೋಡಾ ಹಾಕಿದರೂ ಬೇಯುತ್ತದೆ, ಆದರೆ ಬಾಯಿಗೆ ಸೋಪಿನ ರುಚಿ ತಾಕುವಷ್ಟು ಹಾಕುವವರೇ ಹೆಚ್ಚು. ಅದಕ್ಕೇ ಅದರ ತಂಟೆ ಬೇಡ ಅನ್ನುತ್ತೇನೆ.

ಬೆಂದ ಬೇಳೆಯನ್ನು ಬಿಸಿ ಇರುವಾಗಲೇ ಕಡೆಗೋಲಿನಿಂದ ನುಣ್ಣಗೆ ಕಡೆಯಿರಿ. ಹುಣಸೆ ಸೇರುವ ಮೊದಲು ಆಗಬೇಕಾದ ಕೆಲಸ ಇದು. ಆಮೇಲೆ ಎಷ್ಟು ಕುದಿಸಿದರೂ ಗಟ್ಟಿ ಕಾಳು ಗಟ್ಟಿಯಾಗೇ ಉಳಿಯುತ್ತದೆ.

ಪುಡಿ

ಈ ಅಳತೆಗೆ ಪುಡಿ ಹೀಗೆ: ಕೊತ್ತಂಬರಿ ಬೀಜ 40 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 30 ಗ್ರಾಂ, ಗುಂಟೂರು ಮೆಣಸಿನಕಾಯಿ 8, ಕಡಲೆಬೇಳೆ 25 ಗ್ರಾಂ, ಉದ್ದಿನಬೇಳೆ 15 ಗ್ರಾಂ, ಒಣಕೊಬ್ಬರಿ 60 ಗ್ರಾಂ, ಜೀರಿಗೆ ಒಂದು ದೊಡ್ಡ ಚಮಚ, ಗಸಗಸೆ ಒಂದು ದೊಡ್ಡ ಚಮಚ, ಮೆಂತ್ಯ ಮುಕ್ಕಾಲು ಚಮಚ, ಕಾಳುಮೆಣಸು ಒಂದು ಚಮಚ, ಚಕ್ಕೆ 8 ಗ್ರಾಂ, ಲವಂಗ 12, ಏಲಕ್ಕಿ 5, ಮರಾಠಿ ಮೊಗ್ಗು 4, ಎರಡು ಎಸಳು ಜಾಯಿಪತ್ರೆ, ಒಂದು ಚಿಟಿಕೆ ಕಲ್ಲುಹೂವು, ಇಂಗು.

ಬಣ್ಣ ಬರುವುದು ಬ್ಯಾಡಗಿಯಿಂದ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಕೆಂಪು ಹೆಚ್ಚು, ಖಾರ ಕಡಿಮೆ. ಖಾರ ಬೇಕಾದವರು ಗುಂಟೂರನ್ನು ಹೆಚ್ಚಿಸಿ, ಬ್ಯಾಡಗಿಯನ್ನು ಮುಟ್ಟಬೇಡಿ. ಮಕ್ಕಳು, ವಯಸ್ಸಾದವರು ಇರುವ ಕೂಟಕ್ಕೆ ಗುಂಟೂರು 4ಕ್ಕೆ ಇಳಿಸಿದರೂ ಬಣ್ಣ ಕೆಡುವುದಿಲ್ಲ.

ಒಂದೊಂದನ್ನೂ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಕಡಲೆಬೇಳೆ ಕೆಂಪಾಗುವಷ್ಟರಲ್ಲಿ ಮೆಂತ್ಯ ಕರಿಯಾಗಿರುತ್ತದೆ. ಕರಿದಾದ ಮೆಂತ್ಯದ ಕಹಿಯನ್ನು ಬೆಲ್ಲ ಮುಚ್ಚಲಾರದು. ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಸವರಿ, ಉಬ್ಬಿ ಗರಿಗರಿಯಾಗುವವರೆಗೆ ಮಾತ್ರ. ಘಾಟು ಮೂಗಿಗೆ ಏರಿ ಕೆಮ್ಮು ಬಂತೆಂದರೆ ಅದು ಸೀಯಲು ಶುರುವಾಗಿದೆ ಅಂತ ಅರ್ಥ. ಗಸಗಸೆ, ಕೊಬ್ಬರಿ ಕೊನೆಗೆ, ಒಲೆ ಆರಿಸಿದ ಬಾಣಲೆಯ ಬಿಸಿಯಲ್ಲೇ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಕೊಬ್ಬರಿ ಎಣ್ಣೆ ಬಿಟ್ಟು ಪುಡಿ ಗಂಟಾಗುತ್ತದೆ. ಮುಗಿದ ಪುಡಿಯನ್ನು ಬೆರಳ ನಡುವೆ ಉಜ್ಜಿದರೆ ಸಣ್ಣ ರವೆಯಷ್ಟು ತರಿ ಸಿಗಬೇಕು. ಬೂದಿಯಷ್ಟು ನುಣುಪಾದರೆ ಭಾತು ಅಂಟಂಟಾಗುತ್ತದೆ.

ಹಿಂದಿನ ದಿನ ಪುಡಿ ಮಾಡಿ ಬಿಗಿಯಾದ ಡಬ್ಬಿಯಲ್ಲಿ ಇಡುವುದು ಸರಿ. ತಿಂಗಳ ಹಿಂದೆ ಮಾಡಿದ್ದು ಬೇಡ, ಕೊಬ್ಬರಿ ಇರುವ ಪುಡಿ ಕಮಟುತ್ತದೆ. ಅಂಗಡಿ ಪುಡಿ ಬಳಸುವವರು ಪೊಟ್ಟಣದ ಹಿಂದೆ ಉಪ್ಪು ಸೇರಿದೆಯಾ ಓದಿಕೊಳ್ಳಿ, ಸೇರಿದ್ದರೆ ಮುಂದೆ ಹೇಳುವ ಉಪ್ಪಿನ ಲೆಕ್ಕದಲ್ಲಿ ಅಷ್ಟು ಕಳೆಯಿರಿ.

ಒಟ್ಟುಗೂಡಿಸುವುದು

ಪಾತ್ರೆ 15 ಲೀಟರಿನದು, ದಪ್ಪ ತಳದ್ದು. ಹಿತ್ತಾಳೆಯದಾದರೆ ಕಲಾಯಿ ಸವೆದಿಲ್ಲದ್ದು. ಕಲಾಯಿ ಇಲ್ಲದ ಹಿತ್ತಾಳೆಗೆ ಹುಣಸೆ ಬಿದ್ದರೆ ತಾಮ್ರ ಬಿಡುತ್ತದೆ. ಬರೀ ಅಲ್ಯೂಮಿನಿಯಂ ಪಾತ್ರೆಯೂ ಹುಳಿಗೆ ಸಲ್ಲ.

ತರಕಾರಿ: ಬೀನ್ಸ್ 300 ಗ್ರಾಂ, ಕ್ಯಾರೆಟ್ 300, ನವಿಲುಕೋಸು 250, ಹಸಿ ಬಟಾಣಿ 250, ದೊಡ್ಡ ಮೆಣಸಿನಕಾಯಿ 150. ಆಲೂಗಡ್ಡೆ ಹಾಕುವವರಿದ್ದಾರೆ. ಇಷ್ಟು ದೊಡ್ಡ ಪಾತ್ರೆಯನ್ನು ಪದೇಪದೇ ತಿರುವಬೇಕಾದ್ದರಿಂದ ಅದು ಒಡೆದು ಗಂಜಿಯಾಗುತ್ತದೆ, ಭಾತು ಇನ್ನಷ್ಟು ಗಟ್ಟಿಯಾಗುತ್ತದೆ. ನನ್ನ ಮತ ಆಲೂಗಡ್ಡೆಯ ವಿರುದ್ಧ. ದೊಡ್ಡ ಮೆಣಸಿನಕಾಯಿ ಬಿಟ್ಟು ಮಿಕ್ಕದ್ದನ್ನೆಲ್ಲ ಒಂದೂಕಾಲು ಲೀಟರ್ ನೀರಲ್ಲಿ, ತೆರೆದ ಪಾತ್ರೆಯಲ್ಲಿ, ಮುಕ್ಕಾಲು ಭಾಗ ಬೇಯಿಸಿ. ಬೇಳೆಗೆ ಹೇಳಿದ ಮಾತು ಇದಕ್ಕೂ ಸಲ್ಲುತ್ತದೆ, ಹುಣಸೆ ಬಿದ್ದ ಮೇಲೆ ಬೀನ್ಸ್ ಮೆತ್ತಗಾಗುವುದಿಲ್ಲ.

ತರಕಾರಿ ಬೆಂದ ನೀರಿಗೇ 90 ಗ್ರಾಂ ಹುಣಸೆಯ ರಸ, 60 ಗ್ರಾಂ ಬೆಲ್ಲ, ಪುಡಿ, ಕರಿಬೇವು. ಪುಡಿಯನ್ನು ನೇರವಾಗಿ ಉದುರಿಸಿದರೆ ಕಡಲೆಬೇಳೆ ಹಿಟ್ಟು ಬಿಸಿಗೆ ಸಿಕ್ಕಿ ಗಂಟುಕಟ್ಟುತ್ತದೆ. ಒಂದು ಲೋಟ ತಣ್ಣೀರಲ್ಲಿ ಕದಡಿ ಹಾಕಿ. ಈ ಹಂತದಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಯಬೇಕು. ಹುಣಸೆಯ ಹಸಿ ವಾಸನೆ ಹೋಗುವುದು ಇಲ್ಲಿಯೇ. ಅನ್ನ ಸೇರಿದ ಮೇಲೆ ಅಷ್ಟು ಜೋರಾಗಿ ಕುದಿಸಲು ಆಗುವುದಿಲ್ಲ. ಆತುರದಲ್ಲಿ ಈ ಹತ್ತು ನಿಮಿಷ ತಪ್ಪಿಸಿದ ಭಾತು ತಿಂದ ತಕ್ಷಣ ಗೊತ್ತಾಗುತ್ತದೆ, ಗಂಟಲಲ್ಲಿ ಹಸಿ ಹುಳಿ ಉಳಿಯುತ್ತದೆ.

ಆಮೇಲೆ ಕಡೆದ ಬೇಳೆ. ಅದು ಒಂದು ಕುದಿ ಬಂದ ಮೇಲೆ ಅನ್ನ. ಅನ್ನ ಉದುರಾಗಿರಬಾರದು, ಸೌಟಿನ ಹಿಂಭಾಗದಿಂದ ಒತ್ತಿದರೆ ಮಸೆಯುವಷ್ಟು ಮೆತ್ತಗಿರಬೇಕು. ಮೂರ್ನಾಲ್ಕು ಕಂತಿನಲ್ಲಿ ಹಾಕಿ ತಿರುವಿ. ಹಾಕುವುದೆಲ್ಲ ಬಿಸಿಯಾಗಿರಲಿ. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರಿಗೆ ಹತ್ತು ಲೀಟರ್ ತಣ್ಣೀರನ್ನು ಕುದಿಗೆ ತರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಒಲೆಯ ಬಲ ಇದ್ದಷ್ಟೇ ಇರುತ್ತದೆ, ಪಾತ್ರೆಯ ಭಾರ ಮಾತ್ರ ಐದು ಪಟ್ಟಾಗಿರುತ್ತದೆ. ಆರಿದ ಅನ್ನ, ಆರಿದ ಬೇಳೆ ಹಾಕಿದರೆ ಅದನ್ನು ಬಿಸಿ ಮಾಡುವಷ್ಟರಲ್ಲಿ ತಳ ಸೀದಿರುತ್ತದೆ.

ಅನ್ನ ಸೇರಿದ ಕ್ಷಣದಿಂದ ಉರಿ ಸಣ್ಣದು. ಪಾತ್ರೆಯ ಕೆಳಗೆ ದೋಸೆ ಹಂಚು ಇಟ್ಟರೆ ಉರಿ ಒಂದೇ ಕಡೆ ಹೊಡೆಯುವುದಿಲ್ಲ. ದುಂಡು ಸೌಟು ತಳ ಕೆರೆಯುವುದಿಲ್ಲ, ಚಪ್ಪಟೆ ತುದಿಯ ಮರದ ಅಥವಾ ಸ್ಟೀಲಿನ ಹುಟ್ಟು ಬೇಕು. ಎರಡು ನಿಮಿಷಕ್ಕೊಮ್ಮೆ ತಳದ ಅಂಚಿನ ಸುತ್ತ ಒಮ್ಮೆ, ನಡುವೆ ಅಡ್ಡಡ್ಡ ಒಮ್ಮೆ. ಸೀಯುವುದು ಯಾವಾಗಲೂ ಅಂಚಿನ ಮೂಲೆಯಲ್ಲಿ ಶುರು. ಹುಟ್ಟಿನ ತುದಿಗೆ ಅಂಟು ತಾಕಿದರೆ, ಮೇಲೆ ಬರುವ ಅಗುಳು ಕಂದಾಗಿ ಕಂಡರೆ, ಕೈ ನಿಲ್ಲಿಸಿ. ಕೆರೆಯಬೇಡಿ. ಒಲೆ ಆರಿಸಿ, ತಳ ಕದಡದ ಹಾಗೆ ಮೇಲಿನ ಮುಕ್ಕಾಲು ಭಾಗವನ್ನು ಇನ್ನೊಂದು ಪಾತ್ರೆಗೆ ತೆಗೆದು ರುಚಿ ನೋಡಿ. ಬೇಗ ಮಾಡಿದರೆ ಅಷ್ಟೂ ಉಳಿಯುತ್ತದೆ. ಕೆರೆದು ಕಲಸಿದ ಮೇಲೆ ತುಪ್ಪ, ಪುಡಿ, ಕೊತ್ತಂಬರಿ ಸೊಪ್ಪು ಯಾವುದೂ ಸೀದ ವಾಸನೆ ಮುಚ್ಚುವುದಿಲ್ಲ.

ಉಪ್ಪಿಗೆ ಒಂದು ಲೆಕ್ಕ ನೆನಪಿಡಿ: ತಯಾರಾದ ಅಡುಗೆಯ ಕಿಲೋಗೆ 8ರಿಂದ 9 ಗ್ರಾಂ. ಹತ್ತೂವರೆ ಕಿಲೋಗೆ 90 ಗ್ರಾಂ ಹತ್ತಿರ, ಪುಡಿ ಉಪ್ಪಾದರೆ ದೊಡ್ಡ ಚಮಚದಲ್ಲಿ ಐದು. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ಮೊದಲು 70 ಗ್ರಾಂ ಹಾಕಿ. ಅನ್ನ, ಬೇಳೆ ಎರಡರಲ್ಲೂ ಉಪ್ಪಿಲ್ಲದ ಕಾರಣ ಹುಳಿ ಕುದಿಯುವಾಗ ರುಚಿ ನೋಡಿದರೆ ಉಪ್ಪು ಜಾಸ್ತಿ ಅನ್ನಿಸಲೇಬೇಕು. ಆಗ ಸರಿ ಅನ್ನಿಸಿದರೆ ಕೊನೆಗೆ ಸಪ್ಪೆ. ಅನ್ನ ಸೇರಿ ಐದು ನಿಮಿಷವಾದ ಮೇಲೆ ಮಿಕ್ಕ ಉಪ್ಪು ನೋಡಿಕೊಂಡು ಹಾಕಿ. ಹೆಚ್ಚಾಗಿಯೇ ಹೋಯಿತು ಅಂದರೆ ಆಲೂಗಡ್ಡೆ ಚೂರು, ಗೋಧಿಹಿಟ್ಟಿನ ಉಂಡೆ ಇವೆಲ್ಲ ಕಾಲಹರಣ. ಉಪ್ಪಿಲ್ಲದ ಅನ್ನ, ಬೇಳೆ ಬೇಯಿಸಿ ಸೇರಿಸುವುದೊಂದೇ ದಾರಿ.

ಒಗ್ಗರಣೆಯನ್ನೂ ಗುಣಿಸಬೇಡಿ. ಐದು ಜನಕ್ಕೆ ಮೂರು ದೊಡ್ಡ ಚಮಚ ತುಪ್ಪ ಹಿಡಿದರೆ 25ಕ್ಕೆ ಹದಿನೈದು ಬೇಕಿಲ್ಲ, ಎಂಟು ಸಾಕು. ಒಗ್ಗರಣೆ ಸೌಟಿನ ತಳ ತುಂಬಿ ಸಾಸಿವೆ ಮುಳುಗಿದರೆ ಕೆಲಸವಾಯಿತು. ಸಾಸಿವೆ, ಇಂಗು, ಕರಿಬೇವು, ಒಣಮೆಣಸು, ಕೊನೆಗೆ ದೊಡ್ಡ ಮೆಣಸಿನಕಾಯಿಯ ಹೋಳು. 150 ಗ್ರಾಂ ಕಡಲೆಕಾಯಿ ಬೀಜ, 100 ಗ್ರಾಂ ಗೋಡಂಬಿ ಬೇರೆಯಾಗಿ ಹುರಿದು, ಬಡಿಸುವ ಮುನ್ನ ಸೇರಿಸಿ. ಮೊದಲೇ ಹಾಕಿದರೆ ಮೆತ್ತಗಾಗುತ್ತವೆ. ತುಪ್ಪ ಪ್ರಿಯರು ಎಲೆಯ ಮೇಲೆ ಹಾಕಿಕೊಳ್ಳಲಿ, ಪರಿಮಳ ಉಳಿಯುವುದೂ ಹಾಗೆಯೇ.

ಇನ್ನು ಹದ. ಒಲೆಯಿಂದ ಇಳಿಸುವಾಗ ಭಾತು ಸೌಟಿನಿಂದ ದೋಸೆ ಹಿಟ್ಟಿನ ಹಾಗೆ ಹರಿಯುತ್ತಿರಬೇಕು. ನೀರಾಯಿತೇನೋ ಅಂತ ಭಯವಾಗುವ ಹದ ಅದು. ಬಿಸಿ ಇಳಿಯುತ್ತಾ ಹೋದ ಹಾಗೆ ಅಕ್ಕಿಯ ಗಂಜಿ ಬಿಗಿಯುತ್ತದೆ, ಬೇಳೆಯೂ ನೀರು ಎಳೆಯುತ್ತದೆ. ಹದಿನೈದು ನಿಮಿಷಕ್ಕೆ ಸರಿಯಾದ ಹದಕ್ಕೆ ಬರುತ್ತದೆ, ಒಂದು ಗಂಟೆಗೆ ಗಟ್ಟಿಯಾಗುತ್ತದೆ. ಎರಡನೇ ಪಂಕ್ತಿಗೆ ಬಡಿಸುವಾಗ ಕುದಿಯುವ ನೀರು ಅರ್ಧ ಲೀಟರ್ ಬೆರೆಸಿ. ತಣ್ಣೀರು ಹಾಕಿದರೆ ತುಪ್ಪ ಹೆಪ್ಪುಗಟ್ಟಿ ಭಾತು ಉಂಡೆಯಾಗುತ್ತದೆ. ಆ ನೀರಿಗೆ ಚಿಟಿಕೆ ಉಪ್ಪು ಮರೆಯಬೇಡಿ.

ಒಂದು ಗಂಟೆಗೆ ಎಲೆ ಹಾಕಬೇಕಾದರೆ ಪುಡಿ, ತರಕಾರಿ ಹೆಚ್ಚುವುದು ಹಿಂದಿನ ರಾತ್ರಿಯೇ ಮುಗಿಯಲಿ. ಒಂಬತ್ತೂವರೆಗೆ ಬೇಳೆ, ಹುಣಸೆ ನೆನೆಸಿ, ಹತ್ತಕ್ಕೆ ಬೇಳೆ ಕುಕ್ಕರಿಗೆ, ಹತ್ತೂಮುಕ್ಕಾಲಿಗೆ ಅನ್ನ, ಹನ್ನೊಂದೂಕಾಲಿಗೆ ತರಕಾರಿ, ಹನ್ನೊಂದೂಮುಕ್ಕಾಲಿಗೆ ಎಲ್ಲ ಸೇರಿಸಲು ಶುರು. ಹನ್ನೆರಡೂವರೆ ದಾಟುವಷ್ಟರಲ್ಲಿ ಒಲೆ ಆರಿರುತ್ತದೆ.

ಪಕ್ಕದ ಅಡುಗೆ

ಕೋಸಂಬರಿಗೆ 400 ಗ್ರಾಂ ಹೆಸರುಬೇಳೆ, ಒಂದೂವರೆ ಗಂಟೆ ನೆನೆ, 1 ಕಿಲೋ ಸೌತೆಕಾಯಿ, ಒಂದು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು. ಉಪ್ಪು ಎಲೆ ಹಾಕಿದ ಮೇಲೆಯೇ. ಅರ್ಧ ಗಂಟೆ ಮೊದಲು ಹಾಕಿದರೆ ಸೌತೆ ನೀರು ಬಿಟ್ಟು, ಎಲೆಯ ಮೇಲೆ ಆ ನೀರು ಹರಿದು ಪಾಯಸಕ್ಕೆ ಸೇರುತ್ತದೆ.

ಮಜ್ಜಿಗೆ ಹುಳಿ ಒಡೆಯುವುದು ಎಲ್ಲರ ದೂರು. ಮೊಸರಿನ ಪ್ರೋಟೀನ್ ಕುದಿಗೆ ಸಿಕ್ಕರೆ ಗಂಟಾಗಿ ನೀರು ಬೇರೆಯಾಗುತ್ತದೆ. ರುಬ್ಬಿದ ಕಡಲೆಬೇಳೆ, ತೆಂಗಿನಕಾಯಿ ಅದನ್ನು ಹಿಡಿದಿಡುತ್ತವೆ. ಎರಡು ಲೀಟರ್ ಮೊಸರಿಗೆ ನೆನೆಸಿದ ಕಡಲೆಬೇಳೆ 60 ಗ್ರಾಂ ಇರಲಿ. ಬೂದುಗುಂಬಳದ ಹೋಳು ಮಸಾಲೆಯಲ್ಲಿ ಪೂರ್ತಿ ಬೆಂದ ಮೇಲೆ, ಕಡೆದ ಮೊಸರನ್ನು ಕೊನೆಗೆ ಹಾಕಿ, ಅಂಚಿನಲ್ಲಿ ನೊರೆ ಎದ್ದ ತಕ್ಷಣ ಇಳಿಸಿ. ದೊಡ್ಡ ಪಾತ್ರೆ ಒಲೆ ಆರಿಸಿದ ಮೇಲೂ ಹೊತ್ತು ಬಿಸಿ ಹಿಡಿದಿರುತ್ತದೆ, ಅದಕ್ಕೇ ಮನೆಯ ಅಳತೆಗಿಂತ ಒಂದು ನಿಮಿಷ ಮೊದಲೇ.

ಮೊಸರನ್ನಕ್ಕೆ ಅನ್ನ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಬೇಕು. ಮೂರು ಗಂಟೆ ಬಿಟ್ಟು ಬಡಿಸುವುದಾದರೆ ಹಾಲು ಎರಡು ಪಾಲು, ಮೊಸರು ಒಂದು ಪಾಲು. ಹೊತ್ತು ಹೋದ ಹಾಗೆ ಅದು ತಾನೇ ಹದಕ್ಕೆ ಹುಳಿಯಾಗುತ್ತದೆ. ಬರೀ ಮೊಸರಲ್ಲಿ ಕಲಸಿದ್ದು ಊಟದ ಹೊತ್ತಿಗೆ ಹುಳಿ ಹಿಡಿದಿರುತ್ತದೆ.

ಪಾಯಸಕ್ಕೆ ಹೆಸರುಬೇಳೆ ಅರ್ಧ ಕಿಲೋ, ಬೆಲ್ಲ ಮುಕ್ಕಾಲು ಕಿಲೋ, ಎರಡು ಕಾಯಿಯ ಹಾಲು. ಬೇಳೆ ಪೂರ್ತಿ ಬೆಂದ ಮೇಲೆ ಬೆಲ್ಲ. ಬೆಲ್ಲವನ್ನು ಕರಗಿಸಿ ಸೋಸಿಯೇ ಹಾಕಿ, ಮಣ್ಣು ಕಲ್ಲು ಇದ್ದೇ ಇರುತ್ತದೆ. ಗಟ್ಟಿ ಕಾಯಿಹಾಲು ಒಲೆ ಆರಿಸಿದ ಮೇಲೆ.

ಮುದ್ದೆಯ ಮಾತು ಕೇಳುವವರು ಇಲ್ಲಿ ಇದ್ದೇ ಇರುತ್ತೀರಿ. ಮುದ್ದೆ, ಬಸ್ಸಾರಿನ ಕೂಟಕ್ಕೆ ನನ್ನದೇನೂ ಅಡ್ಡಿಯಿಲ್ಲ, ಆದರೆ ಮುದ್ದೆಯನ್ನು 25 ಜನಕ್ಕೆ ಒಂದೇ ಪಾತ್ರೆಯಲ್ಲಿ ಮಾಡಬೇಡಿ. ಒಂದು ಸಾಧಾರಣ ಮುದ್ದೆಗೆ 75ರಿಂದ 80 ಗ್ರಾಂ ಹಿಟ್ಟು ಬೇಕು, ಅಂದರೆ ಒಟ್ಟು ಎರಡು ಕಿಲೋ. ಅಷ್ಟನ್ನು ತೊಳಸುವ ತೋಳು ಎಲ್ಲರಿಗೂ ಇರುವುದಿಲ್ಲ. ತೊಳಸಲು ಆಗದ ಕಡೆ ಹಿಟ್ಟು ಗಂಟಾಗಿ, ಒಳಗೆ ಒಣಹಿಟ್ಟೇ ಉಳಿಯುತ್ತದೆ. ಲೋಟದ ಲೆಕ್ಕದಲ್ಲಿ ಒಂದಕ್ಕೆ ಎರಡು ನೀರು ಇಟ್ಟು, ಕುದಿಯುವ ನೀರಿಗೆ ಹಿಟ್ಟನ್ನು ಗುಡ್ಡೆಯಾಗಿ ಹಾಕಿ, ಕೋಲಿನಿಂದ ನಾಲ್ಕೈದು ತೂತು ಮಾಡಿ, ಮುಚ್ಚಿ ಎಂಟು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ತೂತಿನಿಂದ ನೀರು ಉಕ್ಕಿ ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಆಮೇಲೆ ಕೆಳಗಿಳಿಸಿ, ಪಾತ್ರೆಯನ್ನು ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿ ಹಿಡಿದು ತೊಳಸಿ. ಎರಡು ಕಂತಿನಲ್ಲಿ, ಎಲೆ ಹಾಕಿದ ಮೇಲೆಯೇ. ಆರಿದ ಮುದ್ದೆಯನ್ನು ಮತ್ತೆ ಮೆತ್ತಗೆ ಮಾಡುವ ವಿದ್ಯೆ ಇಲ್ಲ. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಜಾಣರು: ಖಟಿ ರೊಟ್ಟಿಯನ್ನು ವಾರ ಮೊದಲೇ ಬಡಿದು ಒಣಗಿಸಿ ಇಟ್ಟಿರುತ್ತಾರೆ, ಕೂಟದ ದಿನ ಎಣ್ಣೆಗಾಯಿ, ಕಾಳಿನ ಪಲ್ಯ ಮಾಡಿದರೆ ಮುಗಿಯಿತು.

ಸಭೆಯಿಂದ ಎರಡು ಪ್ರಶ್ನೆ

ಹೊರದೇಶದಲ್ಲಿರುವ ಮಗಳ ಮನೆಗೆ ಹೋಗಿ ಹಬ್ಬದ ಅಡುಗೆ ಮಾಡಬೇಕು, ಅಲ್ಲಿ ಕರೆಂಟ್ ಒಲೆ, ಆರು ಕ್ವಾರ್ಟ್‌ನ ಎಲೆಕ್ಟ್ರಿಕ್ ಕುಕ್ಕರ್ ಇದೆ, ಏನು ಮಾಡಲಿ ಅಂತ ಒಬ್ಬರು ಕೇಳಿದರು. ಆರು ಕ್ವಾರ್ಟ್ ಅಂದರೆ ಐದೂಮುಕ್ಕಾಲು ಲೀಟರ್ ಹತ್ತಿರ, ಬೇಳೆ ಅಕ್ಕಿಗೆ ಅದರ ಅರ್ಧ ಮಾತ್ರ ಲೆಕ್ಕಕ್ಕೆ. ಬೇಳೆ ಎರಡು ಸಲ ಬೇಯಿಸಿ. ಅಲ್ಲಿನ ಅಂಗಡಿಯಲ್ಲಿ ಎಣ್ಣೆ ಸವರಿದ ತೊಗರಿಬೇಳೆಯೂ ಸಿಗುತ್ತದೆ, ಅದನ್ನು ಬಿಸಿನೀರಲ್ಲಿ ಮೂರು ಸಲ ತಿಕ್ಕಿ ತೊಳೆಯಿರಿ. ಕರೆಂಟ್ ಒಲೆ ಉರಿ ತಗ್ಗಿಸಿದರೂ ಹೊತ್ತು ಕಾದೇ ಇರುತ್ತದೆ. ಅದರ ಮೇಲೆ ಹತ್ತು ಕಿಲೋ ಭಾತು ಒಂದೇ ಪಾತ್ರೆಯಲ್ಲಿ ಸೀಯುವುದು ಖಂಡಿತ. ಎರಡು ಪಾತ್ರೆ ಮಾಡಿ, ಅಥವಾ ಕೊನೆಯ ಹಂತವನ್ನು ಮುಚ್ಚಳ ಹಾಕಿದ ಪಾತ್ರೆಯಲ್ಲಿ ಅವನ್‌ಗೆ ಇಡಿ, 120 ಡಿಗ್ರಿ ಸೆಲ್ಸಿಯಸ್, ಅರ್ಧ ಗಂಟೆ. ಸುತ್ತಲಿಂದ ಶಾಖ ಬರುವುದರಿಂದ ತಳ ಹಿಡಿಯುವ ಭಯ ಕಡಿಮೆ.

ಇನ್ನೊಬ್ಬರದು, ಮಿಕ್ಕಿದ್ದನ್ನು ರಾತ್ರಿಗೆ ಇಡಬಹುದಾ ಅಂತ. ಇಡಬಹುದು, ಆದರೆ ಅದೇ ಪಾತ್ರೆಯಲ್ಲಿ ಅಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಿರುವಾಗ ಮೊಳೆತು ವಿಷ ಬಿಡುತ್ತವೆ. ಆ ವಿಷವನ್ನು ಮತ್ತೆ ಕುದಿಸಿ ತೆಗೆಯಲು ಆಗುವುದಿಲ್ಲ. ಬಿಸಿ ಇಡುವುದಾದರೆ 60 ಡಿಗ್ರಿಗೆ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗೆ ಕೆಳಗೆ, ನಡುವಿನ ಹೊತ್ತು ಎರಡು ಗಂಟೆ ಮೀರಬಾರದು. ಐದು ಕಿಲೋ ಭಾತಿರುವ ಆಳದ ಪಾತ್ರೆಯ ಹೊಟ್ಟೆ ಸಂಜೆಯವರೆಗೂ ಬೆಚ್ಚಗೇ ಇರುತ್ತದೆ. ಮುಟ್ಟಿ ನೋಡಿದರೆ ಹೊರಗೆ ತಣ್ಣಗೆ, ಅದೇ ಮೋಸ. ಊಟ ಮುಗಿದ ತಕ್ಷಣ ಅಗಲ ತಟ್ಟೆಗಳಲ್ಲಿ ಎರಡಂಗುಲ ದಪ್ಪಕ್ಕೆ ಹರಡಿ, ಫ್ಯಾನಿನ ಕೆಳಗೆ ಆರಿಸಿ, ಸಣ್ಣ ಡಬ್ಬಿಗಳಿಗೆ ತುಂಬಿ ಫ್ರಿಜ್‌ಗೆ ಇಡಿ. ನೆಂಟರಿಗೆ ಕಟ್ಟಿಕೊಡುವುದೂ ಹೀಗೆ ಆರಿದ ಮೇಲೆಯೇ, ಬಿಸಿಬಿಸಿ ಡಬ್ಬಿ ಮುಚ್ಚಿ ಮೂರು ಗಂಟೆಯ ಬಸ್ಸು ಹತ್ತಿಸಬೇಡಿ. ರಾತ್ರಿ ಬೇಕಾದಷ್ಟೇ ತೆಗೆದು, ಕಿಲೋಗೆ ಒಂದು ಲೋಟ ಕುದಿನೀರು ಬೆರೆಸಿ, ನಡುವಿನಲ್ಲೂ ಹಬೆ ಏಳುವವರೆಗೆ ಕಾಯಿಸಿ. ಒಮ್ಮೆ ಬಿಸಿ ಮಾಡಿದ್ದು ಮತ್ತೆ ಫ್ರಿಜ್‌ಗೆ ಹೋಗಬಾರದು.